ಪೆನ್ಸಿಲಿನಲ್ಲಿ ಬರೆದ ಕಾಸಿಂಬಿ

ಇಳಕಲ್ಲಿನ ಸಕ್ರವ್ವನಿಗೆ ಐವತ್ತೇಳು ವರ್ಷ ತುಂಬಿದರೂ ಪೆನ್ನು ಹಿಡಿಯುವ ಪರವಾನಗಿ ಸಿಕ್ಕಿರಲಿಲ್ಲ. ಕೊಡಬೇಕಾಗಿದ್ದ ತುಳಸೀಬಾಯಿ ಟೀಚರು ಇಪ್ಪತ್ತು ವರ್ಷಗಳ ಹಿಂದೆಯೇ ಬಾಗಲಕೋಟೆಗೆ ವರ್ಗವಾಗಿ ಹೋಗಿದ್ದರು.

ಓಣಿಯ ಅಂಗನವಾಡಿಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದ ಕಾಲ ಅದು. "ಎಲ್ಲಾರೂ ಪೆನ್ಸಿಲಿನಾಗ ಬರೀರಿ. ತಪ್ಪಾದ್ರ ಅಳಸಲಿಕ್ಕೆ ಬರ್ತದ. ಒಂದು ಪುಟ ತಪ್ಪಿಲ್ಲದ ಬರದವರಿಗೆ ನಾನ ಪೆನ್ನು ಕೊಡ್ತೇನಿ" ಎಂಬುದು ತುಳಸೀಬಾಯಿಯವರ ಕಾನೂನು. ಸಕ್ರವ್ವ ಪುಟಕ್ಕೆ ಹದಿಮೂರು ತಪ್ಪಿನಿಂದ ಎರಡಕ್ಕೆ ಇಳಿಯುವಷ್ಟರಲ್ಲಿ ಕೇಂದ್ರವೇ ಮುಚ್ಚಿತು. ಕಾನೂನು ರದ್ದಾದದ್ದನ್ನು ಮಾತ್ರ ಯಾರೂ ಆಕೆಗೆ ತಿಳಿಸಲಿಲ್ಲ. ಮುಂದೆ ಆಕೆ ಓಣಿಯ ಹೆಂಗಸರಿಗೆಲ್ಲ ಕಾಗದ ಬರೆದುಕೊಟ್ಟಳು, ನಳದಲ್ಲಿ ನೀರು ಬರಲಿಲ್ಲವೆಂದು ಅರ್ಜಿ ಬರೆದಳು. ಎಲ್ಲವೂ ಪೆನ್ಸಿಲಿನಲ್ಲಿ. ಅರ್ಜಿ ಒಯ್ಯುವವರು ಅದರ ಮೇಲೆ ಪೆನ್ನು ಆಡಿಸಿಕೊಂಡು ಹೋಗುತ್ತಿದ್ದರು.

ಅದೇ ಕೇಂದ್ರಕ್ಕೆ ಪಕ್ಕದ ಮನೆಯ ಕಾಸಿಂಬಿಯೂ ಬಂದಿದ್ದಳು. ಮೂರು ಸಂಜೆ ಕೂತು, ಸಹಿ ಮಾಡಲು ಕಲಿತು, ಪೆನ್ಸಿಲು ಕೆಳಗಿಟ್ಟಳು.

"ನಂಗ ಇಷ್ಟ ಸಾಕು ತಗಿ. ಬಾಯಿ ನಂದು, ಕೈ ನಿಂದು. ನಾ ಮಾತಾಡ್ತೇನಿ, ನೀ ಬರಿ."

ಕಾಸಿಂಬಿಯ ಗಂಡ ಸುಭಾನಸಾಬ ಸೀರೆ ನೇಯುವವನು. ಸೀರೆಯ ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸುವ ಕೊಂಡಿಯ ಕೆಲಸ ಈ ಇಬ್ಬರು ಹೆಂಗಸರದು. ಸಾವಿರಗಟ್ಟಲೆ ಎಳೆ, ಕಣ್ಣೂ ಕೈಯೂ ಅಲ್ಲೇ ಇರಬೇಕು, ಬಾಯಿ ಮಾತ್ರ ಬಿಡುವು. ಆ ಬಿಡುವನ್ನೆಲ್ಲ ಕಾಸಿಂಬಿಯೇ ಬಳಸಿಕೊಂಡಳು. ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಸಕ್ರವ್ವ ಕೇಳಿದ್ದನ್ನು ನೋಟುಬುಕ್ಕಿನಲ್ಲಿ ಬರೆಯುವಳು. ಬರೆದದ್ದನ್ನು ಕಾಸಿಂಬಿಗೆ ಓದಿ ಹೇಳಬೇಕು. ಎಲ್ಲಾದರೂ ಮಾತು ಮೆತ್ತಗಾಗಿದ್ದರೆ ಆಕೆ ಬಿಡುತ್ತಿರಲಿಲ್ಲ: "ನನ್ನ ಗಂಡಗ ನಾ 'ಪೆದ್ದ' ಅಂದೀನಿ, ನೀ 'ಪಾಪದಾಂವ' ಅಂತ ಯಾಕ ಬರದಿ? ನಿನ್ನ ಗಂಡನೇನು ಅಂವ?"

ಹೀಗೆ ಹನ್ನೊಂದು ವರ್ಷದಲ್ಲಿ ಒಂದು ದಪ್ಪ ನೋಟುಬುಕ್ಕು ತುಂಬಿತು. ಅದರಲ್ಲಿ ಕಾಸಿಂಬಿಯ ಮದುವೆಯ ಸಂಗತಿ ಹೀಗಿತ್ತು: "ನಮ್ಮೂರು ಅಮೀನಗಡ. ಮದುಮಗ ಕುದುರಿ ಮ್ಯಾಲ ಬರ್ತಾನಂತ ಕಿಡಕ್ಯಾಗ ನಿಂತಿದ್ದೆ. ಬಸ್ಸಿನ್ಯಾಗ ಬಂದ. ಅದೂ ನಿಂತು ಬಂದ." ಅದರ ಮುಂದೆ ಇನ್ನೊಂದು ಮಾತಿತ್ತು. ಅದನ್ನು ಬರೆಯುವಾಗ ಇಬ್ಬರೂ ನಕ್ಕು, ಪೆನ್ಸಿಲಿನ ಮೊನೆ ಮುರಿದಿತ್ತು.

ಹೋದ ವರ್ಷ ಕಾಸಿಂಬಿ ಎಂಟೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ನಲವತ್ತು ದಿನ ಕಳೆದ ಮೇಲೆ ಸುಭಾನಸಾಬ ಬಂದು ಸಕ್ರವ್ವನ ಕಟ್ಟೆಯ ಮೇಲೆ ಕೂತ.

"ಯಕ್ಕಾ, ಮೂವತ್ತೆಂಟು ವರ್ಷ ಮಗ್ಗದ ಸಪ್ಪಳದಾಗ ಆಕಿ ಮಾತು ಅರ್ಧಾನೂ ನನ್ನ ಕಿವಿಗೆ ಬಿದ್ದಿಲ್ಲ. ಹೂಂ ಹೂಂ ಅಂದೀನಿ ಅಷ್ಟ. ನೀ ಬರದದ್ದು ಒಮ್ಮೆ ಪೂರಾ ಓದಿ ಹೇಳ್ತಿಯೇನು?"

"ಅದಕ್ಕೇನ ಸುಭಾನಣ್ಣ. ರಾಘವೇಂದ್ರ ಮಾಸ್ತರು ಪುಸ್ತಕ ಮಾಡ್ತೀನಂತ ಒಯ್ದಾರ. ಬರಲಿ, ಓದತೇನಿ."

"ಛಾಪಿಸಿದ್ದ ಕೇಳೋಣ ಬಿಡು. ಆಕಿಗೂ ಮರ್ಯಾದಿ."

ರಾಘವೇಂದ್ರ ಮಾಸ್ತರು ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ಜುಬ್ಬಾದ ಜೇಬಿನಲ್ಲಿದ್ದ ರಬ್ಬರು ಮಾತ್ರ ಇನ್ನೂ ಸೇವೆಯಲ್ಲಿತ್ತು. ನಿವೃತ್ತಿಯ ಮರುವಾರವೇ ಅವರು ಒಂದು ಸಾಹಿತ್ಯ ಬಳಗ ಕಟ್ಟಿ, ತಾವೇ ಸೂಚಿಸಿ ತಾವೇ ಅನುಮೋದಿಸಿ ಅಧ್ಯಕ್ಷರಾಗಿದ್ದರು. ತಡವಾಗಿ ಅಕ್ಷರ ಕಲಿತವರ ಬರಹಗಳ ಪುಸ್ತಕವೊಂದನ್ನು ಬಳಗದಿಂದ ತರಬೇಕೆಂಬುದು ಅವರ ಆಸೆ. ಒಳ್ಳೆಯ ಮನುಷ್ಯರು. ಅವರ ವಿಷಯದಲ್ಲಿ ಕಷ್ಟವಿದ್ದದ್ದೇ ಅದು. ಕೆಟ್ಟವರಾಗಿದ್ದರೆ ಸಕ್ರವ್ವ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು.

ಹದಿನೈದು ದಿನವಾದ ಮೇಲೆ ಆಕೆ ನೋಟುಬುಕ್ಕು ತರಲು ಅವರ ಮನೆಗೆ ಹೋದಳು. ಮಾಸ್ತರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ಬರ್ರಿ ಸಕ್ರವ್ವ. ಹದಿನೈದು ದಿನ ಕಣ್ಣು ಉರದಾವ ನೋಡ್ರಿ, ಆದ್ರ ಒಂದೂ ತಪ್ಪು ಉಳಿಸಿಲ್ಲ. ನೀವು ಪೆನ್ಸಿಲಿನಾಗ ಬರದಿದ್ದು ಭಾಳ ಅನುಕೂಲ ಆತು."

ಸಕ್ರವ್ವ ಪುಟ ತೆರೆದಳು. ಅಲ್ಲಿ ಆಕೆಯ ಅಕ್ಷರವಿರಲಿಲ್ಲ. ಟೈಪು ಮಾಡುವವನಿಗೆ ಗೊಂದಲವಾಗದಿರಲೆಂದು ಮಾಸ್ತರು ಪೆನ್ಸಿಲನ್ನೆಲ್ಲ ಉಜ್ಜಿ ಅಳಿಸಿ, ಅದೇ ಜಾಗದಲ್ಲಿ ನೀಲಿ ಶಾಯಿಯಿಂದ ದುಂಡಗೆ ಬರೆದಿದ್ದರು. ಒಂದು ಪುಟವನ್ನೂ ಬಿಟ್ಟಿರಲಿಲ್ಲ. ಮೂವತ್ತು ವರ್ಷ ಮಕ್ಕಳ ಪಾಟಿ ಒರೆಸಿದ ಕೈ.

"ಮಾಸ್ತರ್ರ, ಮೊದಲಿಂದು ಎಲ್ಲೆರ ಬರಕೊಂಡೀರೇನ್ರಿ?"

"ಯಾವುದು? ತಪ್ಪಿಂದು?" ಮಾಸ್ತರು ನಿಜಕ್ಕೂ ಅಚ್ಚರಿಪಟ್ಟರು. "ಅದನ್ನ ತಗೊಂಡು ಏನ್ ಮಾಡೋದು ಸಕ್ರವ್ವ?"

"ಕಾಸಿಂಬಿ ಕಾಣವಲ್ಲಳರಿ ಇದ್ರಾಗ."

"ಇದ್ದಾಳಲ್ಲ. ಎಲ್ಲಾ ಕಡೆ 'ಶ್ರೀಮತಿ ಕಾಸಿಂಬಿಯವರು' ಅಂತ ನಾನ ಸೇರಿಸೀನಿ."

ಮಾಸ್ತರ ಹೆಂಡತಿ ಚುರುಮುರಿ ತಂದಿಟ್ಟರು. ಸಕ್ರವ್ವ ತಿಂದಳು. ಬೇರೆ ಏನು ಮಾಡಬೇಕೆಂದು ಆಕೆಗೆ ತಿಳಿಯಲಿಲ್ಲ.

ಪುಸ್ತಕದ ಬಿಡುಗಡೆ ಹುನಗುಂದದಲ್ಲಿ ಆಯಿತು. ಮಾಸ್ತರ ಭಾಷಣ ಒಂದು ತಾಸು ನಡೆಯಿತು. ಸಕ್ರವ್ವನಿಗೆ ಉಳಿದದ್ದು ಶಾಲು ಹೊದೆಯುವಷ್ಟು ಸಮಯ. ಶಾಲಿನ ಜೊತೆ ಆಕೆಗೆ ಒಂದು ಪೆನ್ನನ್ನೂ ಕೊಟ್ಟರು. "ಇನ್ನ ಮುಂದ ಧೈರ್ಯದಿಂದ ಪೆನ್ನಿನಾಗ ಬರೀರಿ" ಎಂದರು ಮಾಸ್ತರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಕ್ರವ್ವ ಕೈ ಮುಗಿದಳು.

ಮರುದಿನ ಮುಂಜಾನೆ ಸುಭಾನಸಾಬ ಮಗ್ಗ ನಿಲ್ಲಿಸಿ, ತೊಳೆದ ಅಂಗಿ ಹಾಕಿಕೊಂಡು ಬಂದ. ಕಟ್ಟೆಯ ಮೇಲೆ ಕೂತು ಟೊಪ್ಪಿಗೆ ಸರಿ ಮಾಡಿಕೊಂಡ. ಸಕ್ರವ್ವನಿಗೆ ಓದದೆ ಗತಿಯಿರಲಿಲ್ಲ.

"'ವರ ಮಹಾಶಯರು ವಾಹನಾರೂಢರಾಗಿ ಆಗಮಿಸಿದ ಆ ಶುಭದಿನದಂದು ಶ್ರೀಮತಿ ಕಾಸಿಂಬಿಯವರ ಹೃದಯವು ಹರ್ಷಪುಲಕಿತವಾಯಿತು.'"

ಸುಭಾನಸಾಬ ಪುಸ್ತಕದತ್ತ ಬಾಗಿದ.

"ಮಹಾಶಯ ಯಾರು ಯಕ್ಕಾ?"

"ನೀನ."

"ನಾ?" ಅವನು ತಲೆ ಅಲ್ಲಾಡಿಸಿದ. "ಆಕಿ ಒಂದಿನಾನೂ ನನ್ನ ಜೋಡಿ ಇಷ್ಟು ಮರ್ಯಾದಿಲೆ ಮಾತಾಡಿಲ್ಲಲ್ಲ. ನಾ ಬಸ್ಸಿನ್ಯಾಗ ಬಂದಿದ್ದೆ. ನಿಂತು ಬಂದಿದ್ದೆ. ಅದನ್ನ ಸಾಯೂತನಕ ಆಡಿಕೊಂಡಾಳ. ಅದ್ಯಾಕ ಬಿಟ್ಲು?"

"ಬಿಟ್ಟಿಲ್ಲ ಸುಭಾನಣ್ಣ. ಹೇಳಿದ್ಲು, ನಾನೂ ಬರದಿದ್ದೆ."

"ನಿಂತು ಬಂದ ಅಂದು, ಮುಂದೇನೋ ಅಂತಿದ್ಲು. ನೀವಿಬ್ಬರೂ ನಗತಿದ್ರಿ. ಮಗ್ಗದಾಗ ಕೂತು ನೋಡತಿದ್ದೆ, ಕೇಳಸತಿರಲಿಲ್ಲ. ಏನಂತಿದ್ಲು?"

ಸಕ್ರವ್ವ ಒಳಗೆ ಹೋಗಿ ನೋಟುಬುಕ್ಕು ತಂದಳು. ಆ ಪುಟವನ್ನು ಬಿಸಿಲಿಗೆ ಓರೆ ಹಿಡಿದಳು. ಪೆನ್ಸಿಲು ಒತ್ತಿದ ಗೆರೆ ಎಲ್ಲಾದರೂ ಉಳಿದಿರಬಹುದೆಂದು ಬೆರಳಾಡಿಸಿದಳು. ಮೊನೆ ಮುರಿದಲ್ಲಿ ಬಿದ್ದಿದ್ದ ಸಣ್ಣ ತೂತು ಸಿಕ್ಕಿತು. ಮಾಸ್ತರು ಅದರ ಬೆನ್ನಿಗೆ ಕಾಗದದ ತುಂಡು ಅಂಟಿಸಿ, ಮೇಲೆ 'ಹರ್ಷಪುಲಕಿತ'ವನ್ನು ಹಾಯಿಸಿದ್ದರು.

ನೆನಪಿನಿಂದ ಬರೆದರೆ ಬಂದೀತೆಂದು ಆಕೆ ಹೊಸ ಪೆನ್ನು ತೆಗೆದಳು. 'ಬಸ್ಸಿನ್ಯಾಗ ಬಂದ. ಅದೂ ನಿಂತು ಬಂದ' ಎಂದು ಬರೆದಳು. ಮುಂದಿನ ಮಾತಿಗೆ ಕಣ್ಣು ಮುಚ್ಚಿದಳು. ಕಾಸಿಂಬಿಯ ಮುಖ ಬಂತು, ತುಟಿ ಅಲುಗಿದ್ದೂ ಕಂಡಿತು. ಆದರೆ ಆ ಬಾಯಿಂದ ಹೊರಟದ್ದು ಮಾಸ್ತರ ದನಿ: 'ಹೃದಯವು...'

"ಬಂತೇನು?" ಎಂದ ಸುಭಾನಸಾಬ.

"ತಡಿ."

"ಅವಸರಿಲ್ಲ ಯಕ್ಕಾ. ಇವತ್ತ ಮಗ್ಗ ಬಂದ್ ಇಟ್ಟೀನಿ. ಸಪ್ಪಳಿಲ್ಲ, ಎಲ್ಲಾ ಚಲೋ ಕೇಳಸತೈತಿ."

ಅವನು ಟೊಪ್ಪಿಗೆಯನ್ನು ಕಿವಿಯಿಂದ ಮೇಲಕ್ಕೆ ಸರಿಸಿ ಕೂತ. ಸಕ್ರವ್ವ ಪೆನ್ನನ್ನು ಕಾಗದದ ಮೇಲೆಯೇ ಹಿಡಿದಿದ್ದಳು. ಶಾಯಿ ನಿಂತಲ್ಲೇ ನಿಂತು ಚುಕ್ಕೆ ದೊಡ್ಡದಾಗುತ್ತಿತ್ತು.