ಗಿಣಿಯ ಕಣ್ಣು, ಮಗಳ ಕಡಗ

ಇಳಕಲ್ಲಿನ ನಮ್ಮಂಥ ನೇಕಾರರ ಮನೆಗೆ ಯಾವ ಹೊಸ ವಸ್ತು ಬಂದರೂ ಮೊದಲು ಕೇಳುವುದು ಒಂದೇ, ಬಣ್ಣ ಬಿಡುತ್ತದೋ ಇಲ್ಲವೋ ಎಂದು. ಬಣ್ಣ ಹಾಕುವವರು ಅದ್ದಿ ಕೊಟ್ಟ ನೂಲನ್ನು ನಮ್ಮವ್ವ ಹಾಗೇ ಒಳಗೆ ತರುತ್ತಿರಲಿಲ್ಲ. ಬಿಳಿ ಅರಿವೆಯ ಚೂರೊಂದನ್ನು ನೀರಿನಲ್ಲಿ ಹಿಂಡಿ ನೂಲಿನ ಮೇಲೆ ಗಸಗಸ ಉಜ್ಜಿ, ಬೆಳಕಿಗೆ ಹಿಡಿದು ನೋಡುವಳು. ಅರಿವೆ ಕೆಂಪಾಯಿತೆಂದರೆ ನೂಲು ವಾಪಸು. ಆ ಚೂರು ಸದಾ ಅವಳ ಸೊಂಟದಲ್ಲೇ ಇರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಮೊದಲ ಮಗಳಿಗೆ ಆಗ ಎಂಟು ತಿಂಗಳು. ಮಗ್ಗದ ಬಳಿ ತೆವಳಿ ಬಂದು, ನೂಲು ಸುತ್ತುವ ಖಾಲಿ ಕಂಡಿಕೆ ಸಿಕ್ಕರೆ ಅದನ್ನೇ ಚೀಪುತ್ತ ಕೂಡುವಳು. ನಾವೆಲ್ಲ ಹಾಗೆಯೇ ಬೆಳೆದವರು. ಆದರೂ ಅಪ್ಪನಾದವನಿಗೆ ಆಸೆ ಇರುತ್ತದಲ್ಲ. ಚೊಳಚಗುಡ್ಡದಲ್ಲಿದ್ದ ಹೆಂಡತಿಯ ಅಕ್ಕನನ್ನು ಮಾತಾಡಿಸಲು ಹೋದವನು, ಬರುವಾಗ ಬಾದಾಮಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಟ್ಟಿಗೆಯ ಗಿಣಿ ಕೊಂಡೆ. ಹಸಿರು ಮೈ, ಕೆಂಪು ಕೊಕ್ಕು, ಕಣ್ಣಿನ ಜಾಗದಲ್ಲಿ ಎರಡು ಕರಿ ಗಾಜಿನ ಮಣಿ. ಆ ಕಣ್ಣು ನೋಡಿಯೇ ನಾನು ಸೋತದ್ದು.

ಅವ್ವ ಅದನ್ನು ಕೂಸಿನ ಕೈಗೆ ಕೊಡಗೊಡಲಿಲ್ಲ. ಸೊಂಟದ ಚೂರು ಹೊರಗೆ ಬಂತು. ರೆಕ್ಕೆ, ಕೊಕ್ಕು, ಬಾಲ ಎಲ್ಲವನ್ನೂ ಉಜ್ಜಿದಳು. ಅರಿವೆ ಬೆಳ್ಳಗೇ ಉಳಿಯಿತು. ಬಣ್ಣ ಪಕ್ಕಾ ಇದೆ, ಕೊಡು ಎಂದಳು. ಹೆಂಡತಿ ಮಾತ್ರ ಗಿಣಿಯ ಮುಖದ ಮೇಲೆ ಬೆರಳಾಡಿಸಿ, "ಈ ಕಣ್ಣ ಅಳ್ಳಾಡತೈತೇನ್ರಿ?" ಅಂದಳು.

"ನಿನ್ನ ನೋಡಿ ಕಣ್ಣ ಮಿಟಕಸ್ತೈತಿ ಬಿಡು" ಅಂದೆ. ಅವ್ವ ನಕ್ಕಳು, ನಾನೂ ನಕ್ಕೆ.

ಮೂರನೆಯ ದಿನ ಬೆಳಿಗ್ಗೆ ನಾನು ಮಗ್ಗದಲ್ಲಿದ್ದೆ. ಬೆನ್ನ ಹಿಂದೆ ಗಿಣಿಯನ್ನು ನೆಲಕ್ಕೆ ಕುಟ್ಟುವ ಸದ್ದು ನಿಂತಿತು. ತಿರುಗಿ ನೋಡಿದರೆ ಮಗಳು ಬಾಯಿ ತೆರೆದಿದ್ದಾಳೆ, ಅಳು ಹೊರಡುತ್ತಿಲ್ಲ, ಮುಖ ಕಪ್ಪಿಡುತ್ತಿದೆ. ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಯಿಂದ ನಾನು ಕಾಲು ಕಿತ್ತು ಮೇಲೆ ಬರುವುದರೊಳಗೆ ಅವ್ವ ಒಲೆಯ ಮುಂದಿನಿಂದ ಎದ್ದು ಬಂದಾಗಿತ್ತು. ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಬೆನ್ನ ನಡುವೆ ಅಂಗೈಯಿಂದ ಒಂದು ಕೊಟ್ಟಳು. ಎರಡು. ಮೂರನೆಯದಕ್ಕೆ ಮಣಿ ಟಿಣ್ಣೆಂದು ನೆಲಕ್ಕೆ ಬಿತ್ತು. ಆಮೇಲೆ ಬಂದ ಅಳುವಿನಷ್ಟು ಇಂಪಾದದ್ದನ್ನು ನಾನು ಇಂದಿಗೂ ಕೇಳಿಲ್ಲ.

ಹೆಂಡತಿ ನನ್ನನ್ನು ಬೈಯಲಿಲ್ಲ. ಗಿಣಿಯನ್ನು ಒಲೆಗೆ ಹಾಕಿದಳು. ಅಂದಿನಿಂದ ನಾನು ತಂದದ್ದು ಯಾವುದೂ ಮಗಳ ಕೈಗೆ ಹೋಗಲಿಲ್ಲ. ಹುನಗುಂದದ ಸಂತೆಯಿಂದ ರಬ್ಬರಿನ ಚೆಂಡು ತಂದೆ; ಅಂಗೈಯಗಲದ ಚೆಂಡದು, ಅದೂ ಗೋಡೆಯ ಗೂಡು ಸೇರಿತು. ಅವಳು ಮಾತಾಡುತ್ತಿದ್ದಳು, ಉಣ್ಣಲು ನೀಡುತ್ತಿದ್ದಳು, ಎಲ್ಲ ಮೊದಲಿನಂತೆಯೇ. ಆದರೆ ಕೂಸನ್ನು ನನ್ನ ಹತ್ತಿರ ಬಿಟ್ಟು ನೀರಿಗೆ ಹೋಗುವುದನ್ನು ನಿಲ್ಲಿಸಿದಳು. ಅದು ನನ್ನನ್ನು ಕೊರೆಯುತ್ತಿತ್ತು.

ಅವ್ವನಿಗೂ ಸಮಾಧಾನವಿರಲಿಲ್ಲ. ಒಂದು ಮಧ್ಯಾಹ್ನ ಆ ಮಣಿಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದವಳು, "ಬಣ್ಣ ಒಂದ ನೋಡಿ ಕೈಬಿಟ್ವಿ ನೋಡಪಾ. ನಮಗ ಬ್ಯಾರೆ ಏನ ನೋಡೂದು ಗೊತ್ತೈತಿ" ಅಂದಳು. ಆಮೇಲೆ ಏನೋ ಹೊಳೆದವಳಂತೆ ಕೂಸಿನ ಕೈಯಿಂದ ಬೆಳ್ಳಿಯ ಕಡಗ ತೆಗೆದಳು. ಹೆಸರಿಟ್ಟ ದಿನ ತೊಡಿಸಿದ್ದು, ಆಗಲೇ ಕೈಗೆ ಬಿಗಿಯಾಗುತ್ತಿತ್ತು. ಮಣಿಯನ್ನು ಅದರೊಳಗೆ ಬಿಟ್ಟಳು. ಸಲೀಸಾಗಿ ಆಚೆ ಬಿತ್ತು.

"ಇದರಾಗ ತೂರಿದ್ದು ಯಾವದೂ ಕೂಸಿನ ಕೈಗೆ ಬ್ಯಾಡ" ಅಂದಳು.

ಅಂದು ಸಂಜೆಯೊಳಗೆ ಮನೆಯೆಲ್ಲ ಕಡಗದೊಳಗೆ ಹಾದು ಹೋಯಿತು. ಹುಣಸೆಬೀಜ, ಅಂಗಿಯ ಗುಂಡಿ, ಕೌಡಿ. ಕೊನೆಗೆ ಕಂಡಿಕೆ ಹಿಡಿದಳು. ಅದೂ ತೂರಿತು. ಅವ್ವ ಅದನ್ನು ತಿರುಗಿಸಿ ಇನ್ನೊಮ್ಮೆ ಬಿಟ್ಟು ನೋಡಿದಳು. ನನ್ನನ್ನೂ ನನ್ನ ತಮ್ಮಂದಿರನ್ನೂ ಅದನ್ನೇ ಕೊಟ್ಟು ಬೆಳೆಸಿದವಳು. ಆಮೇಲೆ ಎಲ್ಲ ಕಂಡಿಕೆಗಳನ್ನೂ ಬುಟ್ಟಿಗೆ ತುಂಬಿ ಗೂಟಕ್ಕೆ ನೇತುಹಾಕಿದಳು. ಹೆಂಡತಿ ಬಾಗಿಲಲ್ಲಿ ನಿಂತು ಇದೆಲ್ಲ ನೋಡುತ್ತಿದ್ದಳು.

ತಿಂಗಳೊಪ್ಪತ್ತು ಕಳೆದಿರಬೇಕು. ನೂಲು ತರಲು ಬಾಗಲಕೋಟೆಗೆ ಹೊರಟಿದ್ದೆ. ಹೆಂಡತಿ ಬಂದು ನನ್ನ ಅಂಗಿಯ ಕಿಸೆಗೆ ಏನೋ ಹಾಕಿದಳು. ಮುಟ್ಟಿದರೆ ಕಡಗ.

"ಕೂಸಿಗೆ ಏನರ ತರ್ರಿ" ಅಂದಳು. ಅಷ್ಟೇ.

ಬಾಗಲಕೋಟೆಯ ಅಂಗಡಿಗಳಲ್ಲಿ ನಾನು ಕಡಗ ಹಿಡಿದು ಅಲೆದದ್ದು ನೋಡಿ ಅಂಗಡಿಯವರೊಬ್ಬರು, ಅಕ್ಕಸಾಲಿಗರ ಓಣಿ ಆ ಕಡೆ ಐತ್ರಿ ಎಂದು ದಾರಿ ತೋರಿಸಿದರು. ಗಿಲಕಿಗಳನ್ನು ಅಲ್ಲಾಡಿಸಿದೆ, ಗಾಡಿಗಳ ಗಾಲಿ ಎಳೆದು ನೋಡಿದೆ. ಎರಡರ ಗಾಲಿ ಕೈಗೇ ಬಂದವು. ಕಡೆಗೆ ಬಡಿಗರೊಬ್ಬರಿಂದ ಬಣ್ಣವಿಲ್ಲದ, ಮೊಳೆಯಿಲ್ಲದ, ಒಂದೇ ಕಟ್ಟಿಗೆಯಲ್ಲಿ ಕಡೆದ ದಪ್ಪನೆಯ ಬಳೆ ಮಾಡಿಸಿಕೊಂಡೆ. ಅಂಚಿನಲ್ಲಿ ಸಿಬಿರು ಉಳಿಯಬಾರದೆಂದು ನಾನೇ ಕೂತು ಉಜ್ಜಿದೆ.

ಮನೆಯಲ್ಲಿ ಅವ್ವ ಅರಿವೆಯ ಚೂರು ತೆಗೆದಳು. ಹೆಂಡತಿ ಅದನ್ನು ಇಸಿದುಕೊಂಡು ತಾನೇ ಉಜ್ಜಿದಳು. ನಾನು ಹಿಡಿದ ಕಡಗಕ್ಕೆ ಬಳೆಯನ್ನು ಒಡ್ಡಿದಳು, ತೂರಲಿಲ್ಲ. ಎರಡೂ ಕೈಯಿಂದ ಎಳೆದು ನೋಡಿದಳು. ಆಮೇಲೆ ಅದನ್ನು ಮಗಳಿಗೆ ಕೊಡದೆ ನನ್ನ ಕೈಗೇ ಕೊಟ್ಟು, "ನೀವ ಕೊಡ್ರಿ" ಅಂದಳು.

ಕೊಟ್ಟೆ. ಮಗಳು ಒಂದು ಸಲ ಚೀಪಿ, ಆಚೆ ಒಗೆದು, ನನ್ನ ಕೈಯಲ್ಲಿದ್ದ ಕಡಗಕ್ಕೆ ಕೈಚಾಚಿದಳು. ಹೆಂಡತಿ ನಕ್ಕು, ಕೊಡ ಎತ್ತಿಕೊಂಡು ನೀರಿಗೆ ಹೋದಳು.