ಅಮಾವಾಸ್ಯೆಯ ಮರುದಿನದ ಪಾಸು

ಮಸಗುಪ್ಪಿಯ ಬಾಳವ್ವ ಮುಲ್ಕಿ ಪರೀಕ್ಷೆಗೆ ಕೂತಿದ್ದಾಳೆಂಬ ಸುದ್ದಿ ಊರಿಗೆ ತಿಳಿದ ದಿನ, ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕಿದ್ದು ಇಡೀ ಓಣಿಗೆ ಕೇಳಿಸಿತು.

“ಗಂಡ ಹೋದ್ರ ಹೋದ, ಪಾಟಿ ಬಂತಲ್ಲಬೇ ಕೈಯಾಗ!”

“ಇನ್ನೇನು, ರುಮಾಲೊಂದು ಸುತ್ಕೊಂಡ್ರ ಮಾಮಲೇದಾರನ ಆಗ್ತಾಳ ನೋಡು.”

ಬಾಳವ್ವ ಸೀರೆ ಹಿಂಡಿ, ಹೆಗಲ ಮೇಲೆ ಹಾಕಿಕೊಂಡು, ತಿರುಗಿ ನೋಡದೆ ಮನೆಗೆ ಬಂದಳು. ಅದು ಸಾವಿರದ ಒಂಬೈನೂರ ಇಪ್ಪತ್ತೇಳನೆಯ ಇಸವಿ. ಏಳನೆಯ ಇಯತ್ತೆಯ ಆ ಮುಲ್ಕಿ ಪರೀಕ್ಷೆ ಪಾಸಾದವರಿಗೆ ಶಾಲೆಯ ಮಾಸ್ತರಿಕೆ ಸಿಗುತ್ತಿದ್ದ ಕಾಲ. ಗೋಕಾಕದ ಪರೀಕ್ಷೆಯ ಕೋಣೆಯಲ್ಲಿ ಟೋಪಿ, ರುಮಾಲುಗಳ ನಡುವೆ ಸೆರಗು ಹೊದ್ದು ಕೂತವಳು ಅವಳೊಬ್ಬಳೇ.

ಅವಳ ಮದುವೆ ಹದಿಮೂರು ತುಂಬುವ ಮೊದಲೇ ಆಗಿತ್ತು. ಗಂಡ ಕೆಂಚಪ್ಪ ಹತ್ತಿಯ ಗಾಡಿ ಹೊಡೆಯುವವ. ಒಂದು ಅಮಾವಾಸ್ಯೆಯ ದಿನ, “ಇವತ್ತ ಎತ್ತ ಹೂಡಬ್ಯಾಡೊ” ಎಂದು ಮಾವ, ಅಂದರೆ ಬಾಳವ್ವನ ಅಪ್ಪ ಗುರುಲಿಂಗಪ್ಪ ಅಡ್ಡ ನಿಂತರೂ ಕೇಳದೆ ಪೇಟೆಗೆ ಹೋದವನು ಜ್ವರ ಹೊತ್ತುಕೊಂಡು ಬಂದ, ವಾರದೊಳಗೆ ಸತ್ತ. ಅದು ಇನ್‌ಫ್ಲುಯೆಂಜಾದ ವರ್ಷ. ಒಳ್ಳೆಯ ಮುಹೂರ್ತ ನೋಡಿ ಹೊರಟವರೂ ಸತ್ತರು, ಹೊಸ್ತಿಲು ದಾಟದೆ ಕೂತವರೂ ಸತ್ತರು. ಹೆಣ ಹೊರುವವರು ಸಿಗದ ಊರುಗಳಿದ್ದವು. ಆದರೆ ಗುರುಲಿಂಗಪ್ಪನ ತಲೆಯಲ್ಲಿ ಉಳಿದದ್ದು ಜ್ವರವಲ್ಲ, ಅಮಾವಾಸ್ಯೆ. ಮಗಳ ಬಾಳು ಹಾಳು ಮಾಡಿದ್ದು ಆ ದಿನವೇ ಎಂದು ಅವನು ಎದೆಯೊಳಗೆ ಗಂಟು ಹಾಕಿಕೊಂಡುಬಿಟ್ಟಿದ್ದ.

ತವರಿಗೆ ಬಂದ ಮಗಳು ಬೀಸಿದಳು, ಕುಟ್ಟಿದಳು, ಹೊಲದಲ್ಲಿ ಕಳೆ ತೆಗೆದಳು. ನಾಲ್ಕನೆಯ ಇಯತ್ತೆಯ ತನಕ ಕಲಿತಿದ್ದ ಅಕ್ಷರ ಮರೆಯಬಾರದೆಂದು ಸಿಕ್ಕಿದ್ದನ್ನೆಲ್ಲ ಓದಿದಳು. ಅಂಗಡಿಯವನು ಬೆಲ್ಲ ಕಟ್ಟಿ ಕೊಟ್ಟ ಕಾಗದವನ್ನೂ ಬಿಡಿಸಿ, ಒರೆಸಿ ಓದುತ್ತಿದ್ದಳು. ಹಾಗೆ ಮನೆಯಲ್ಲೇ ಓದಿ ಮುಲ್ಕಿಯ ತನಕ ಬಂದಿದ್ದಳು.

ಬಂಧುಗಳ ಕಣ್ಣಿಗೆ ಇದು ಚುಚ್ಚಿತು. ಅವರ ಜನದಲ್ಲಿ ಗಂಡ ಸತ್ತವಳನ್ನು ಇನ್ನೊಬ್ಬನಿಗೆ ಉಡಕಿ ಮಾಡಿ ಕೊಡುವ ಪದ್ಧತಿ ಇತ್ತು. ಒಳ್ಳೆಯ ಪದ್ಧತಿಯೇ, ಕೊಡುವವರು ಕೊಡಲ್ಪಡುವವಳನ್ನೂ ಒಂದು ಮಾತು ಕೇಳಿದ್ದರೆ. ಬಂಧುಗಳು ಬಾಳವ್ವನಿಗೆ ಗೊತ್ತು ಮಾಡಿದ್ದು ಹುಕ್ಕೇರಿ ಕಡೆಯ ಹತ್ತರಗಿಯ ಸಿದಗೌಡನನ್ನು. ಎರಡು ಹೆಂಡಿರನ್ನು ಮಣ್ಣು ಮಾಡಿ, ಒಂದು ಹಿಂಡು ಎಮ್ಮೆ ಕಟ್ಟಿಕೊಂಡಿದ್ದ. ಎಮ್ಮೆ ಹಿಂಡಲು ಆಳು ಬೇಕಾಗಿತ್ತು, ಆಳಿಗೆ ಪಗಾರ ಕೊಡಬೇಕು, ಹೆಂಡತಿಗೆ ಕೊಡಬೇಕಾಗಿಲ್ಲ.

ಬಾಳವ್ವ ಅಪ್ಪನ ಎದುರು ಕೂತು ಕೇಳಿದಳು. “ಯಪ್ಪಾ, ಮೂಡಲಗಿ ಹೆಣ್ಣಮಕ್ಕಳ ಸಾಲಿಗೆ ಮಾಸ್ತರಬಾಯಿ ಬೇಕಾಗ್ಯಾಳಂತ. ನನಗ ಆ ನೌಕರಿ ಸಿಕ್ರ?”

ಗುರುಲಿಂಗಪ್ಪ ಸುಣ್ಣ ಹಚ್ಚಿದ ಎಲೆಯನ್ನು ಮಡಚಿ ಬಾಯಿಗಿಟ್ಟ. “ಸಿಕ್ರ ಯಾವ ಭಾಡ್ಯಾನ ಮಾತೂ ಕೇಳಾಂಗಿಲ್ಲ. ಮೂಡಲಗ್ಯಾಗ ಮನಿ ಹಿಡದು ಕೊಡ್ತೀನಿ, ನಾನೂ ಬಂದು ಇರ್ತೀನಿ. ಸಿಗಲಿಲ್ಲಂದ್ರ… ಆಮ್ಯಾಲ ನಾ ಮಂದಿ ಬಾಯಿ ಮುಚ್ಚಸಾಕ ಆಗಾಂಗಿಲ್ಲವ್ವ.”

ಒಂದು ಕಡೆ ಮೂಡಲಗಿಯ ಶಾಲೆ, ಇನ್ನೊಂದು ಕಡೆ ಹತ್ತರಗಿಯ ಎಮ್ಮೆಗಳು. ಅವಳ ಪಾಲಿಗೆ ಮೂರನೆಯ ದಾರಿ ಇರಲಿಲ್ಲ.

ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದವನು ಗಂಡಸು. ಹುಡುಗಿ ಸ್ವಲ್ಪ ದೊಡ್ಡವಳಾದ ಕೂಡಲೇ ಮನೆಯವರು ಬಿಡಿಸಿಬಿಡುತ್ತಿದ್ದರು. ಅದಕ್ಕೇ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕಮಿಟಿಯವರು ಹೆಂಗಸೇ ಬೇಕೆಂದು ಜಾಹೀರು ಮಾಡಿದ್ದರು. ಮುಲ್ಕಿ ಪಾಸಾಗಿರಬೇಕು, ಅರ್ಜಿ ಕೊಡುವ ಕಡೇ ದಿನಕ್ಕೆ ಪಾಸಾದವರೇ ಆಗಿರಬೇಕು. ಬಾಳವ್ವ ತನ್ನ ಕೈಯಾರೆ ಅರ್ಜಿ ಬರೆದು, ಪರೀಕ್ಷೆಗೆ ಕೂತಿದ್ದೇನೆ, ಫಲಿತಾಂಶ ಬರುವುದಿದೆ ಎಂದು ಸೇರಿಸಿ ಮೂಡಲಗಿಗೆ ಒಯ್ದು ಕೊಟ್ಟಳು. ಕಮಿಟಿಯ ಕಾರಕೂನ ವೀರಪ್ಪ ಅದನ್ನು ಓದಿ, “ಅಕ್ಷರ ಚಂದ ಅದಾವ್ರಿ. ಕಡೇ ದಿವಸದೊಳಗ ಪಾಸ್ ಆಗ್ರಿ, ಸಾಕು. ಬ್ಯಾರೆ ಒಬ್ಬಾಕಿನೂ ಅರ್ಜಿ ಕೊಟ್ಟಿಲ್ಲ” ಎಂದ.

ಆ ಕಡೇ ದಿನ ಮಣ್ಣೆತ್ತಿನ ಅಮಾವಾಸ್ಯೆಯಂದು ಬಿತ್ತು. ಕಮಿಟಿಯವರ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಇರಲಿಲ್ಲ, ಗುರುಲಿಂಗಪ್ಪನ ಪಂಚಾಂಗದಲ್ಲಿ ಕಡೇ ದಿನ ಇರಲಿಲ್ಲ.

ಫಲಿತಾಂಶ ಇವತ್ತು ನಾಳೆ ಬರುತ್ತದೆಂದು ಅಪ್ಪ ಮಗಳು ಮೊದಲೇ ಗೋಕಾಕಕ್ಕೆ ಬಂದು, ಗುರುಲಿಂಗಪ್ಪನ ತಂಗಿ ಪಾರವ್ವನ ಮನೆಯಲ್ಲಿ ಇಳಿದುಕೊಂಡಿದ್ದರು. ಅಮಾವಾಸ್ಯೆಯ ದಿನ ಗೂಡಿನಲ್ಲಿ ಜೋಡಿ ಮಣ್ಣಿನ ಎತ್ತು ಕೂರಿಸಿ, ಕೊರಳಿಗೆ ಹೂ ಏರಿಸಿ, ಪಾರವ್ವ ಹೋಳಿಗೆ ಮಾಡುತ್ತಿದ್ದಳು. ಬಾಳವ್ವ ಕಣಕ ನಾದುತ್ತಿದ್ದಳು. ಆಗ ಹೊರಗೆ ಚಪ್ಪಲಿ ಸಪ್ಪಳವಾಯಿತು. ಪರೀಕ್ಷೆ ನಡೆದ ಶಾಲೆಯ ಹೆಡ್ ಮಾಸ್ತರ ಧನಪಾಲರು ಸ್ವತಃ ಬಂದಿದ್ದರು. ವಯಸ್ಸಾದ ಜೈನ ಗೃಹಸ್ಥರು, ಓಡುವ ಮನುಷ್ಯರಲ್ಲ, ಅಂದು ಏದುಸಿರು ಬಿಡುತ್ತಿದ್ದರು.

“ಬಾಳವ್ವ! ಟಪಾಲು ಬಂತು. ಪಾಸ್ ಆಗೀದಿ ತಂಗಿ! ಸಾಲಿಗೆ ಬಾ, ಹೆಸರು ತುಂಬಿ ಸರ್ಟಿಫಿಕೇಟು ಕೊಟ್ಟುಬಿಡ್ತೀನಿ.”

ಬಾಳವ್ವ ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು ನಿಂತಳು. ಅಷ್ಟರಲ್ಲಿ ಗುರುಲಿಂಗಪ್ಪ ಬಾಗಿಲಿಗೆ ಅಡ್ಡ ಬಂದ. ಒಂಬತ್ತು ವರ್ಷದ ಹಿಂದೆ ಅಳಿಯನ ಗಾಡಿಗೆ ಅಡ್ಡ ನಿಂತಿದ್ದನಲ್ಲ, ಹಾಗೇ.

“ಮಾಸ್ತರ, ಕೈ ಮುಗೀತೀನಿ. ಇವತ್ತ ಬ್ಯಾಡ್ರಿ. ನಾಳೆ ಪಾಡ್ಯ, ನಾಳೆ ಕೊಡ್ರಿ.”

“ಯಣ್ಣಾ, ನಿನಗೇನ ಹುಚ್ಚ ಹಿಡದೈತೇನು?” ಎಂದು ಪಾರವ್ವ ಒಲೆಯ ಮುಂದಿನಿಂದಲೇ ಕೂಗಿದಳು. “ಮಣ್ಣಿನ ಎತ್ತಿಗೆ ಹೋಳಿಗಿ ತಿನಸಾಕ ಅಮಾಸಿ ನಡೀತೈತಿ, ಮಗಳ ಕಾಗದಕ್ಕ ನಡ್ಯಾಂಗಿಲ್ಲ?”

“ನೀ ಸುಮ್ಮಕಿರು. ಎತ್ತಿಂದ ಬ್ಯಾರೆ, ಬಾಳೇದ ಕೆಲಸ ಬ್ಯಾರೆ. ಒಮ್ಮಿ ಕಳಕೊಂಡಾಂವ ನಾನು, ನೀ ಅಲ್ಲ.”

ಮುದುಕನ ಕಣ್ಣಲ್ಲಿ ನೀರು ಬಂದಿತ್ತು. ಧನಪಾಲ ಮಾಸ್ತರರು ಅದನ್ನು ನೋಡಿ ಮೆತ್ತಗಾದರು. ತಿಥಿ ವಾರ ಅವರ ಮನೆಯಲ್ಲೂ ನೋಡುತ್ತಿದ್ದರು. “ಇರ್ಲಿ ಬಿಡ್ರಿ ಗುರುಲಿಂಗಪ್ಪನವರ, ಪಾಸ್ ಆಗೋದು ಆಗೇತಿ. ಕಾಗದ ಎಲ್ಲಿ ಓಡಿ ಹೋಗ್ತೈತಿ? ನಾಳೆ ಮುಂಜಾನೆ ಬರ್ರಿ.”

ಬಾಳವ್ವನೂ ಹಾಗೇ ಅಂದುಕೊಂಡಳು. ಬರೆದವಳು ನಾನು, ಪಾಸಾದದ್ದು ನಾನು, ಇವತ್ತಿಗೆ ಪಾಸಾಗಿರಬೇಕೆಂದರು, ಆಗಿದ್ದೇನೆ. ಅಪ್ಪನ ಕಣ್ಣೀರಿಗೆ ಒಂದು ದಿನ ಕೊಟ್ಟರೆ ಏನು ಹೋದೀತು? ಮರಳಿ ಕೂತು ಕಣಕ ನಾದಿದಳು. ಅಂದಿನ ಹೋಳಿಗೆ ತುಂಬ ಚೆನ್ನಾಗಿ ಆಗಿತ್ತು.

ಮರುದಿನ ಮಾಸ್ತರರು ಗುಂಡಗಿನ ಅಕ್ಷರದಲ್ಲಿ ಅವಳ ಹೆಸರು ತುಂಬಿದರು. ಪ್ರಾಮಾಣಿಕ ಮನುಷ್ಯರು, ಕೊಟ್ಟ ದಿನದ ತಾರೀಖನ್ನೇ ಹಾಕಿದರು.

ಮೂಡಲಗಿಯ ಚಾವಡಿಯಲ್ಲಿ ಕಮಿಟಿ ಕೂತ ದಿನ ಗುರುಲಿಂಗಪ್ಪ ಹೊರಗೆ ಬೇವಿನ ಗಿಡದ ಕೆಳಗೆ ಗಾಡಿ ಬಿಟ್ಟು, ಬಾಡಿಗೆಗೆ ಯಾವ ಮನೆ ಸಿಗುತ್ತದೆಂದು ಬಂದವರನ್ನೆಲ್ಲ ಕೇಳುತ್ತಿದ್ದ. ಬಾಳವ್ವ ಪಡಸಾಲೆಯಲ್ಲಿ ಕಂಬದ ಬದಿಗೆ ನಿಂತಿದ್ದಳು. ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು. ಅವಳಿಗಿಂತ ಮೊದಲು ಗಂಡುಮಕ್ಕಳ ಶಾಲೆಯ ಒಂದು ಜಾಗದ ವಿಚಾರ ಬಂತು. ಚೇರ್ಮನ್ ಆಬಾಸಾಹೇಬನ ಅಕ್ಕನ ಮಗ ಅರ್ಜಿ ಕೊಟ್ಟಿದ್ದ.

“ಹುಡುಗ ಪರೀಕ್ಷಾದಾಗ ಒಂದು ವಿಷಯದಾಗ ನಪಾಸ್ ಆಗ್ಯಾನ, ಸಾಹೇಬ್ರ,” ಎಂದ ವೀರಪ್ಪ ಮೆಲ್ಲಗೆ.

“ಮುಂದಿನ ಸಲ ಪಾಸ್ ಆಗ್ತಾನಲ್ಲೊ. ಪಾಸ್ ಆಗೂ ಕರಾರಿನ ಮ್ಯಾಲ ತಗೋರಿ. ಮಕ್ಕಳ ನುಕಸಾನ ಆಗಬಾರದು.”

ಎಲ್ಲರೂ ತಲೆಯಾಡಿಸಿದರು. ಮಕ್ಕಳ ಮೇಲಿನ ಆ ಮಮತೆ ಎಲೆ ಅಡಿಕೆಯ ತಟ್ಟೆ ಒಂದು ಸುತ್ತು ಬರುವ ತನಕ ಬದುಕಿತ್ತು. ಆಮೇಲೆ ಬಾಳವ್ವನನ್ನು ಕರೆದರು. ಆಬಾಸಾಹೇಬ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ.

“ಇದರ ಮ್ಯಾಲ ಕಡೇ ದಿವಸದ ಮರುದಿನದ ತಾರೀಖ ಐತೆಲ್ಲವ್ವ. ಕಡೇ ದಿವಸ ನೀ ಲಾಯಕ ಇರಲಿಲ್ಲ.”

“ಪಾಸಾಗಿದ್ದು ಹಿಂದಿನ ದಿವಸಾರೀ, ಕಡೇ ದಿವಸಾನ ಟಪಾಲು ಬಂದಿತ್ತು. ಹೆಡ್ ಮಾಸ್ತರ್ನ ಕೇಳ್ರಿ.”

ಕೇಳಬೇಕಾಗಲಿಲ್ಲ. ಅವಳ ನೌಕರಿಯ ಆದೇಶ ಕಣ್ಣಾರೆ ನೋಡಬೇಕೆಂದು ಧನಪಾಲ ಮಾಸ್ತರರು ಗೋಕಾಕದಿಂದ ಬಂದು ಅಲ್ಲೇ ಕೂತಿದ್ದರು. ಎದ್ದು ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದರು. “ತಪ್ಪು ನಂದ್ರಿ. ಅವತ್ತ ಅಮಾಸಿ ಅಂತ ತಡದೆ. ಬೇಕಾದ್ರ ಈಗ ಇಲ್ಲೇ ಬರದು ಸಹಿ ಮಾಡಿ ಕೊಡ್ತೀನಿ.”

“ಈಗ ಬರದ್ರ ಅದರ ಮ್ಯಾಲ ಇವತ್ತಿನ ತಾರೀಖ ಬರ್ತೈತಲ್ಲ ಮಾಸ್ತರ,” ಎಂದು ಆಬಾಸಾಹೇಬ ನಕ್ಕ. ಸುತ್ತ ಕೂತವರೂ ನಕ್ಕರು. “ನೀವು ಅಮಾಸಿ ಪಾಳಿಸಿದ್ರಿ, ನಾವು ಕಾಯದೆ ಪಾಳಸ್ತೀವಿ. ಒಬ್ಬಾಕಿಗೆ ಸಡ್ಲ ಬಿಟ್ರ ನಾಳೆ ಊರೆಲ್ಲ ಬಂದು ಕುಂದರ್ತೈತಿ.”

“ಈಗಷ್ಟ ಒಬ್ಬಗ ಬಿಟ್ರಲ್ಲರಿ,” ಎಂದಳು ಬಾಳವ್ವ.

ವೀರಪ್ಪ ಮೂಗಿನ ಮೇಲಿದ್ದ ಕನ್ನಡಕ ತೆಗೆದು ಒರೆಸತೊಡಗಿದ.

“ಕೇಳಿದ್ರೇನು? ಇದಕ್ಕೇ ಹೆಂಗಸರಿಗೆ ಅಕ್ಷರ ಕಲಸಬಾರದು ಅನ್ನೋದು. ಮುಂದಿನದು ಓದೊ ವೀರಪ್ಪ,” ಎಂದ ಚೇರ್ಮನ್.

ಕಾಯದೆಯಲ್ಲಿ ತಪ್ಪಿರಲಿಲ್ಲ. ಯಾವುದೋ ಒಂದು ದಿನವನ್ನು ಗೆರೆ ಎಂದು ಹಿಡಿಯಲೇಬೇಕು, ಇಲ್ಲದಿದ್ದರೆ ಅರ್ಜಿಗಳಿಗೆ ಕೊನೆಯೇ ಇರುವುದಿಲ್ಲ. ಆದರೆ ಗೆರೆ ಎಳೆದವರು ತಮ್ಮವರು ಬಂದಾಗ ಅದನ್ನು ಕಾಲಿನಿಂದ ಅಳಿಸಿ, ಪರರು ಬಂದಾಗ ಗೋಡೆ ಕಟ್ಟಿ ನಿಂತರೆ ಅದನ್ನು ಕಾಯದೆ ಎನ್ನುವ ಬಾಯಿಗೆ ಹುಳ ಬೀಳಬೇಕು. ಪಾಸಾದವಳು ಅರ್ಹಳಲ್ಲ, ಪಾಸಾಗದವನು ಅರ್ಹ! ಬೇರೆ ಅರ್ಜಿಯೇ ಇಲ್ಲದ ಆ ಜಾಗಕ್ಕೆ “ಅರ್ಹರು ಯಾರೂ ಸಿಗಲಿಲ್ಲ” ಎಂದು ಬರೆದುಕೊಂಡರು. ವರ್ಷ ತಿರುಗುವುದರೊಳಗೆ “ಹುಡುಗಿಯರು ಬರುತ್ತಿಲ್ಲ” ಎಂದು ಆ ಶಾಲೆಗೆ ಬೀಗ ಹಾಕಿದರು. ಬಂದಿದ್ದರೆ ಕಲಿಸುವವಳು ಎಲ್ಲಿದ್ದಳು? ಚೇರ್ಮನ್‌ನ ಆ ಸೋದರಳಿಯ ಮುಂದಿನ ಸಲವೂ ಪಾಸಾಗಲಿಲ್ಲ. ಪಗಾರ ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ.

ಬಾಳವ್ವ ಚಾವಡಿಯ ಮೆಟ್ಟಿಲಿಳಿದು ಬಂದಾಗ ಗುರುಲಿಂಗಪ್ಪ ಎದ್ದು ಎದುರು ಬಂದ. “ಗುಡಿ ಹಿಂದ ಮನಿ ಐತಂತವ್ವ. ಬಾವಿನೂ ಬಾಜೂಕ ಐತಿ. ಏನಂದ್ರು?”

ನಿನ್ನ ಅಮಾವಾಸ್ಯೆಯಿಂದ ಹೋಯಿತು ಎನ್ನುವ ಮಾತು ಅವಳ ಗಂಟಲ ತನಕ ಬಂತು. ಗಾಡಿಗೆ ಅಡ್ಡ ನಿಂತೂ ಅಳಿಯನನ್ನು ಉಳಿಸಿಕೊಳ್ಳಲಾಗಲಿಲ್ಲವೆಂದು ಒಂಬತ್ತು ವರ್ಷ ಕೊರಗಿದ ಮನುಷ್ಯ. ಬಾಗಿಲಿಗೆ ಅಡ್ಡ ನಿಂತು ಮಗಳ ಬಾಳನ್ನೂ ಕೆಡಿಸಿದೆನೆಂದು ತಿಳಿದರೆ ಊಟ ಬಿಡುತ್ತಾನೆ.

“ಹೆಂಗಸರನ್ನ ತಗೊಳ್ಳೋದು ಬ್ಯಾಡ ಅಂತ ಮಾಡ್ಯಾರಂತ ಯಪ್ಪಾ,” ಎಂದಳು.

ಹಿಂದೆ ಬರುತ್ತಿದ್ದ ಧನಪಾಲ ಮಾಸ್ತರರು ಬಾಯಿ ತೆರೆದರು. ಅವಳು ಅವರ ಮುಖ ನೋಡಿದಳು. ಅವರು ತಲೆ ಬಗ್ಗಿಸಿ ಹೊರಟುಹೋದರು.

ದೀಪಾವಳಿ ಕಳೆದ ಮೇಲೆ ಉಡಕಿಯಾಯಿತು. ಸಿದಗೌಡ ಕೆಟ್ಟವನಲ್ಲ, ಹೊಡೆಯುತ್ತಿರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಎಮ್ಮೆಗಳಿಗೆ ಮಾತ್ರ ಹೆಸರಿಟ್ಟು ಕರೆಯುತ್ತಿದ್ದ. ಬಾಳವ್ವ ಆ ಸರ್ಟಿಫಿಕೇಟನ್ನು ತಂದು ಕೊಟ್ಟಿಗೆಯ ತೊಲೆಯ ಸಂದಿಯಲ್ಲಿ ಸಿಕ್ಕಿಸಿದ್ದಳು. ಒಂದು ಮಳೆಗಾಲದಲ್ಲಿ ಮಾಡು ಸೋರಿ ಅದು ಮುದ್ದೆಯಾಯಿತು. ಒಣಗಿಸಲಿಕ್ಕೂ ಅವಳು ಹೋಗಲಿಲ್ಲ. ಗುರುಲಿಂಗಪ್ಪ ವರ್ಷಕ್ಕೊಮ್ಮೆ ಮಗಳನ್ನು ನೋಡಲು ಬಂದಾಗ, ಕಟ್ಟೆಯ ಮೇಲೆ ಕೂತು ತಪ್ಪದೆ ಒಂದು ಮಾತು ಹೇಳುತ್ತಿದ್ದ: “ನೌಕರಿ ಹೋದ್ರ ಹೋತು. ಅವತ್ತ ಅಮಾಸಿ ದಿವಸ ಆ ಕಾಗದ ಮುಟ್ಟಿದ್ರ ಇನ್ನೂ ಏನೇನ ಆಕ್ಕಿತ್ತೊ. ಹೆಂಗೊ ಒಂದು ಮನಿ ಆತಲ್ಲ ನಿನಗ.”

“ಹೂಂ ಯಪ್ಪಾ,” ಎನ್ನುತ್ತಿದ್ದಳು ಬಾಳವ್ವ, ಒಲೆ ಊದುತ್ತ.

ಹುಟ್ಟಿದ ಮಗಳಿಗೆ ಗೌರವ್ವ ಎಂದು ಹೆಸರಿಟ್ಟಳು. ಬಗಲಲ್ಲಿ ಕೂರಿಸಿಕೊಂಡು ಸಗಣಿ ಸಾರಿಸಿದ ನೆಲದ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿದಳು. ನಲವತ್ತನಾಲ್ಕನೆಯ ಇಸವಿಯಲ್ಲಿ ಆ ಹುಡುಗಿ ಹುಕ್ಕೇರಿಯಲ್ಲಿ ಮುಲ್ಕಿಗೆ ಕೂತಳು. ಆ ಸಲ ಗುರುಲಿಂಗಪ್ಪ ಮಗಳ ಮನೆಯಲ್ಲೇ ಇದ್ದ. ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಒಂದು ಮುಂಜಾನೆ ಸಂತೆಗೆ ಹೋಗುವವನೊಬ್ಬ ಬಾಗಿಲಲ್ಲಿ ನಿಂತು, “ಬಾಳಕ್ಕಾ, ನಿನ್ನ ಮಗಳು ಪಾಸ್ ಆಗ್ಯಾಳಂತ ನೋಡಬೇ. ಹುಕ್ಕೇರಿ ಸಾಲ್ಯಾಗ ಕಾಗದ ಕೊಡಾಕತ್ತಾರ” ಎಂದು ಹೇಳಿ ಹೋದ.

ಬಾಳವ್ವ ಹಾಲಿನ ಚರಿಗೆ ಕೆಳಗಿಟ್ಟು, ಕೈ ತೊಳೆದು, ಮಗಳಿಗೆ ಸೀರೆ ಸರಿಮಾಡು ಎಂದಳು.

“ಎಲ್ಲಿಗವ್ವ?” ಎಂದ ಗುರುಲಿಂಗಪ್ಪ ಕಟ್ಟೆಯ ಮೇಲಿಂದ. “ಇವತ್ತ ಅಮಾಸಿ ಐತಿ. ನಾಳೆ ಹೋಗ್ರಿ, ಕಾಗದ ಎಲ್ಲಿ ಓಡಿ ಹೋಗ್ತೈತಿ?”

ಅವಳು ಹೊಸ್ತಿಲ ಮೇಲೆ ನಿಂತಳು. ಹದಿನೇಳು ವರ್ಷ ನುಂಗಿದ್ದ ಮಾತು ಏನೂ ಕಷ್ಟವಿಲ್ಲದೆ ಹೊರಗೆ ಬಂತು.

“ನಂದು ಓಡಿ ಹೋತಲ್ಲ ಯಪ್ಪಾ. ಮೂಡಲಗಿ ನೌಕರಿ ಹೋದದ್ದು ಅದಕ್ಕ. ಒಂದು ದಿವಸ ತಡ ಆತಂತ.”

ಮುದುಕನ ಕೈ ಎಲೆ ಅಡಿಕೆಯ ಚೀಲದೊಳಗೆ ಹಾಗೇ ನಿಂತಿತು. ಬಾಳವ್ವ ನಿಂತು ಸಮಾಧಾನ ಹೇಳಲಿಲ್ಲ. ಮಗಳ ರಟ್ಟೆ ಹಿಡಿದು, ಬಿಸಿಲು ಏರುವ ಮುಂಚೆ ಹುಕ್ಕೇರಿ ಮುಟ್ಟಬೇಕೆಂದು ಬಿರಬಿರನೆ ನಡೆದಳು.