ಒಂದು ಬೆಲ್ಲಿಗೆ ತಿರುಗಿದ ವಿಮಾನ

ಅಣ್ಣನೂ ನಾನೂ ಎರಡು ವರ್ಷ ಕೂತು ಕಟ್ಟಿದ ಆರಡಿ ರೆಕ್ಕೆಯ ಮಾದರಿ ವಿಮಾನ ಮೊದಲ ಸಲ ಹಾರಿದ್ದು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಬಯಲಿನಲ್ಲಿ. ರೇಡಿಯೋ ಪೆಟ್ಟಿಗೆಗೆ ಒಂದೇ ಗುಂಡಿ: ಒಮ್ಮೆ ಒತ್ತಿದರೆ ವಿಮಾನ ತನ್ನ ಬಲಕ್ಕೆ, ಎರಡು ಸಲ ಒತ್ತಿದರೆ ಎಡಕ್ಕೆ ತಿರುಗುತ್ತಿತ್ತು. ಪೆಟ್ಟಿಗೆ ಅಣ್ಣನ ಕೈಯಲ್ಲಿತ್ತು. ಗಣಿಯೊಳಗಿನಿಂದ ಬರುವ ಬೆಲ್ ಎಣಿಸಿ, ಕೇಜ್ ಎಂಬ ಆಳುಗಳ ಲಿಫ್ಟನ್ನು ಇಳಿಸಿ ಏರಿಸುವುದು ಅವನ ಕೆಲಸ.

ದೂರ ಹೋಗಿದ್ದ ವಿಮಾನ ನಮ್ಮತ್ತಲೇ ತಿರುಗಿ ತಗ್ಗಿತು. ನಮ್ಮ ಬಲಗಡೆ ಕಾರ್ಮಿಕರ ಮನೆಗಳು, ಎಡಗಡೆ ಗಣಿಮಣ್ಣಿನ ದಿಬ್ಬ. "ಎಡಕ್ಕಣ್ಣ! ಎರಡು ಒತ್ತು!" ಎಂದು ಕೂಗಿದೆ. ಅಣ್ಣ ಗಾಬರಿಯಲ್ಲಿ ಒಂದೇ ಸಲ ಒತ್ತಿದ. ವಿಮಾನ ದಿಬ್ಬದ ಕಡೆ ಹೊರಳಿ, ಮೆತ್ತನೆಯ ಮಣ್ಣಿನಲ್ಲಿ ಮೂಗು ಹೂತು ನಿಂತಿತು.

"ಒಂದೇ ಯಾಕೆ ಒತ್ತಿದೆ?"

"ಒಂದು ಬೆಲ್ ಅಂದ್ರೆ ನಿಲ್ಸು ಅಂತ ಕಣ್ಲಾ, ಕೈ ತಾನೇ ಓಯ್ತು. ಕಾಲೇಜು ಓದಿರೋನು ನೀನು, ಎದುರಿಗೆ ಬರೋದ್ರ ಎಡ ಯಾವ್ದು ಅಂತ ತಿಳೀಲಿಲ್ವೇನ್ಲಾ?"

ನನ್ನ ಮಾತು ಕೇಳಿದ್ದರೆ ಅದು ಮನೆಗಳ ಮೇಲೆ ಬೀಳುತ್ತಿತ್ತು. ಸರಿಯಾಗಿಯೇ ಕೂಗಿದ್ದೆನೆಂದು ಬಹಳ ಕಾಲ ಎಲ್ಲರಿಗೂ ಹೇಳಿದೆ, ನಾನೂ ನಂಬಿದ್ದೆನೇನೋ. ಆದರೆ ಆ ದಿನ ನಾನು ಮೊದಲು ತಿರುಗಿ ನೋಡಿದ್ದು ಆ ಮನೆಗಳ ಕಡೆಗೇ. ಅಂಗಳದಲ್ಲಿ ಹೆಂಗಸೊಬ್ಬಳು ಏನೂ ಅರಿಯದೆ ಸೀರೆ ಹಿಂಡುತ್ತಿದ್ದಳು. ಆಕೆಯನ್ನು ನೋಡುತ್ತಾ ನಾನು ಬಹಳ ಹೊತ್ತು ನಗುತ್ತಿದ್ದೆ.